ಗೋಕಾಕದ ಕಂದರ: ಅದರ ಉತ್ಪತ್ತಿ ಮತ್ತು ರಕ್ಷಣೆ

ಬೆಳಗಾವಿ ಜಿಲ್ಲೆಯ ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಘಟಪ್ರಭಾ ನದಿಯು ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ. ನೋಡಬಂದವರ ದೃಷ್ಟಿ ಸಾಮಾನ್ಯವಾಗಿ ನೀರಿನಲ್ಲಿಯೇ ನೆಟ್ಟಿರುತ್ತದೆ. ಆದರೆ ಬಿದ್ದ ನೀರು ಹರಿದುಹೋಗುವ ಕಂದರವು ಭೂವಿಜ್ಞಾನದ ವಿದ್ಯಾರ್ಥಿಗೆ ಜಲಪಾತಕ್ಕಿಂತಲೂ ಹೆಚ್ಚಿನದನ್ನು ತಿಳಿಸಬಲ್ಲದು. ಅದು ಉಂಟಾದ ಬಗೆಯನ್ನೂ ಅದರ ಬಂಡೆಗಳನ್ನು ಇದ್ದಂತೆಯೇ ಉಳಿಸಬೇಕಾದ ಕಾರಣವನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಇಲ್ಲಿಯ ಬಂಡೆಯು ಕಲಾದಗಿ ಶಿಲಾಸಮುದಾಯಕ್ಕೆ ಸೇರಿದ ಮರಳುಶಿಲೆ. 1876ರಲ್ಲಿ ಪ್ರಕಟವಾದ ರಾಬರ್ಟ್ ಬ್ರೂಸ್ ಫೂಟ್ ಅವರ ಗ್ರಂಥದಲ್ಲಿ ಈ ಸೀಮೆಯ ಶಿಲೆಗಳ ವಿಸ್ತಾರವಾದ ವರ್ಣನೆಯಿದೆ. 54 ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಗಿಡಮರಗಳಿನ್ನೂ ಹುಟ್ಟದಿದ್ದಾಗ, ನೀರಿನ ತಳದಲ್ಲಿ ಮರಳು ಪದರಪದರವಾಗಿ ನೆಲೆಗೊಂಡು ಗಟ್ಟಿಯಾಯಿತು. ಈ ಶಿಲೆಯು ಸುಲಭವಾಗಿ ಕರಗುವಂಥದಲ್ಲ, ಪುಡಿಯಾಗುವಂಥದೂ ಅಲ್ಲ. ಹಾಗಾದರೆ ನದಿಯು ಅದನ್ನು ಕೊರೆದುದು ಹೇಗೆ?

ಉತ್ತರವು ಬಂಡೆಯ ಸಂದುಗಳಲ್ಲಿದೆ. ಪದರಗಳ ನಡುವೆ ಅಡ್ಡಸಂದುಗಳೂ ಅವುಗಳನ್ನು ಕತ್ತರಿಸುವ ನೇರ ಬಿರುಕುಗಳೂ ಇರುವುದರಿಂದ, ನೋಡಲು ಏಕಶಿಲೆಯಂತಿರುವ ದಂಡೆಯು ವಾಸ್ತವವಾಗಿ ಜೋಡಿಸಿಟ್ಟ ಕಲ್ಲಿನ ಕಟ್ಟಡವನ್ನು ಹೋಲುತ್ತದೆ. ಪ್ರವಾಹದ ನೀರು ಸಂದುಗಳೊಳಗೆ ನುಗ್ಗಿ ಅವುಗಳನ್ನು ಅಗಲಿಸುತ್ತದೆ. ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ಗಿರಗಿರನೆ ತಿರುಗಿ, ನದೀಪಾತ್ರದಲ್ಲಿ ಒರಳಿನಂತಹ ಕುಳಿಗಳನ್ನು ಕೊರೆಯುತ್ತವೆ. ಧುಮುಕುವ ನೀರು ಜಲಪಾತದ ಬುಡವನ್ನು ಸವೆಸುತ್ತದೆ. ಆಧಾರ ತಪ್ಪಿದ ಮೇಲಣ ಬಂಡೆಯು ಒಂದು ದಿನ ಕಳಚಿ ಬೀಳುತ್ತದೆ. ಹೀಗೆ ಪ್ರಪಾತದ ಅಂಚು ಮೇಲ್ಹೊಳೆಯ ಕಡೆಗೆ ಸರಿಯುತ್ತ ಹೋದಂತೆ, ಅದು ಬಿಟ್ಟುಹೋದ ಹಾದಿಯೇ ಕಂದರವಾಗುತ್ತದೆ. ಬಂಡೆಯು ಬಿರುಕಿನ ಗುಂಟ ನೆಟ್ಟಗೆ ಒಡೆಯುವುದರಿಂದ ಗೋಡೆಗಳೂ ಕಡಿದಾಗಿವೆ. ಈ ಕಾರ್ಯವು ಸಮಗತಿಯಲ್ಲಿ ನಡೆಯುವುದಿಲ್ಲ. ತಲೆಮಾರುಗಳವರೆಗೆ ಏನೂ ಬದಲಾದಂತೆ ತೋರದೆ, ಒಂದೇ ಪ್ರವಾಹದಲ್ಲಿ ದೊಡ್ಡದೊಂದು ಬಂಡೆ ಉರುಳಬಹುದು.

ಆದುದರಿಂದ ಅಂಚಿನ ಒಂದೊಂದು ಕಲ್ಲೂ ನದಿಯ ಕೆಲಸಕ್ಕೆ ಸಾಕ್ಷಿಯಾಗಿದೆ. ವಿನೋದಕ್ಕಾಗಿ ಸಡಿಲವಾದ ಕಲ್ಲನ್ನು ಮೀಟಿ ಕೆಡವಿದರೆ, ಮುಂದೆ ಬರುವ ಅಭ್ಯಾಸಿಯು ನದಿ ಮುರಿದುದಾವುದು, ಮನುಷ್ಯ ಮುರಿದುದಾವುದು ಎಂದು ನಿರ್ಣಯಿಸಲಾರನು. ಬಂಡೆಯ ಮೇಲೆ ಕೊರೆದ ಹೆಸರು, ಕೊರೆದವನ ಆಯುಸ್ಸನ್ನು ಮೀರಿ ಉಳಿಯುತ್ತದೆ. ಅದರಡಿಯಲ್ಲಿದ್ದ ಅಲೆಗುರುತು ಮಾತ್ರ ಮರಳಿ ಮೂಡದು.

ಕಲ್ಲನ್ನು ಮುಟ್ಟಲೇಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಜಲಪಾತದ ಬಳಿಯಲ್ಲಿಯೇ ಚಾಲುಕ್ಯರ ಕಾಲದ ಕಲ್ಲಿನ ಗುಡಿಗಳಿವೆ. ಕಲ್ಲುಗಣಿಯಿಂದ ಕಲ್ಲು ತೆಗೆಯುವುದು ಬೇರೆ, ನದಿ ತಿದ್ದಿದ ರೂಪವನ್ನು ಕೆಡಿಸುವುದು ಬೇರೆ. ಈ ವಿಚಾರದಲ್ಲಿ ನಾವು ಮೊದಲು ಎಚ್ಚರಿಸಬೇಕಾದುದು ಪ್ರವಾಸಿಗಳನ್ನಲ್ಲ, ಭೂವಿಜ್ಞಾನದ ನಮ್ಮ ವಿದ್ಯಾರ್ಥಿಗಳನ್ನೇ. ಸುತ್ತಿಗೆ ಹಿಡಿದು ಹೋಗುವವರು ಅವರಲ್ಲವೆ? ಮಾದರಿ ಬೇಕಾದಾಗ ತಾನಾಗಿ ಬಿದ್ದ ಕಲ್ಲುಗಳಿಂದಲೇ ಆಯ್ದುಕೊಳ್ಳಬೇಕು. ಅಂಚು, ಕುಳಿ, ಅಲೆಗುರುತುಗಳನ್ನು ಅಳೆದು ಚಿತ್ರಿಸಿಕೊಂಡು ಅಲ್ಲಿಯೇ ಬಿಟ್ಟುಬರಬೇಕು. ಅಧ್ಯಾಪಕರು ಪ್ರವಾಸಕ್ಕೆ ಹೊರಡುವ ಮುನ್ನವೇ ಈ ನಿಯಮವನ್ನು ವಿಧಿಸುವುದು ಯುಕ್ತ.