ಬೆಲ್ಟಿನ ಜಾಯಿಂಟು: ನಂಬಿಕೆ ಏನು, ನಿಜ ಏನು

ರಾಗಿ ಮುದ್ದೆಯ ಸೀಮೆ ನಮ್ಮದು. ಕೈವಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸ್ವಲ್ಪ ದೊಡ್ಡ ಊರು ಎಂದರೆ ಅಲ್ಲೊಂದು ಹಿಟ್ಟಿನ ಮಿಷನ್ನು ಇದ್ದೇ ಇರುತ್ತದೆ. ಮೋಟಾರಿಗೂ ಬೀಸುವ ಕಲ್ಲಿಗೂ ನಡುವೆ ಓಡುವ ಅಗಲ ಬೆಲ್ಟು ಕಿತ್ತಿತೆಂದರೆ ಸಾಲಿಗೆ ಇಟ್ಟ ರಾಗಿ ಡಬ್ಬಗಳು ಇಟ್ಟಲ್ಲೇ. ಕರೆಂಟು ಇರುವಾಗಲೇ ಹೀಗಾದರೆ ಮಿಷನ್ನಿನವರಿಗೆ ಸಂಕಟ, ಕಾದು ನಿಂತವರಿಗೆ ಅವಸರ. ಆ ಅವಸರದಲ್ಲಿ ರಿಪೇರಿ ನಡೆಯುತ್ತದೆ. ರಿಪೇರಿಯ ಜೊತೆಗೆ ಒಬ್ಬರಿಂದ ಒಬ್ಬರಿಗೆ ಕೆಲವು ನಂಬಿಕೆಗಳೂ ದಾಟುತ್ತವೆ. ಅವುಗಳಲ್ಲಿ ಹೆಚ್ಚಿನವು ದುಡ್ಡು ತಿನ್ನುತ್ತವೆ, ಒಂದೆರಡು ಜೀವಕ್ಕೇ ಕುತ್ತು ತರುತ್ತವೆ. ಕ್ರಷರಿನಲ್ಲಿ, ಸಾಮಿಲ್ಲಿನಲ್ಲಿ, ಮೇವು ಕತ್ತರಿಸುವ ಯಂತ್ರದ ಹತ್ತಿರ ಕೇಳಿಬರುವ ಮಾತುಗಳೂ ಇವೇ.

"ಬೋಲ್ಟು ಸಣ್ಣದಾಗಿತ್ತು, ಅದಕ್ಕೇ ಜಾಯಿಂಟು ಬಿಟ್ಟಿದ್ದು. ದಪ್ಪದ್ದು ಹಾಕಿದರೆ ನಿಲ್ಲುತ್ತೆ" ಎನ್ನುವುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ಮಾತು. ನಿಜ ಇದಕ್ಕೆ ತಲೆಕೆಳಗು. ಕ್ಯಾನ್ವಾಸ್ ಬೆಲ್ಟಿನ ಬಲ ಮೇಲಿನ ರಬ್ಬರಿನಲ್ಲಿಲ್ಲ, ಒಳಗಿನ ಬಟ್ಟೆಯ ಪದರಗಳಲ್ಲಿದೆ. ರೇಷ್ಮೆಯ ಊರಿನವರಿಗೆ ಹಾಸು ಹೊಕ್ಕಿನ ಲೆಕ್ಕ ಹೇಳಿಕೊಡಬೇಕಿಲ್ಲ: ಎಳೆತವನ್ನು ಹೊರುವುದು ಉದ್ದಕ್ಕೆ ಓಡುವ ಹಾಸಿನ ನೂಲು. ಅರ್ಧ ಇಂಚಿನ ಬೋಲ್ಟಿಗೆ ತೂತು ಕೊರೆದರೆ ಅರ್ಧ ಇಂಚಿನಷ್ಟು ಹಾಸು ಅಲ್ಲಿ ಕಡಿದುಹೋಯಿತು. 4 ಇಂಚಿನ ಬೆಲ್ಟಿಗೆ ಅಂಥ 3 ಬೋಲ್ಟುಗಳನ್ನು ಒಂದೇ ಸಾಲಿನಲ್ಲಿ ಹಾಕಿದರೆ ಎಳೆತ ಹೊರಲು ಉಳಿಯುವುದು ಎರಡೂವರೆ ಇಂಚು ಮಾತ್ರ. ಮುಂದಿನ ಸಲ ಬೋಲ್ಟು ಹಾಗೇ ಇರುತ್ತದೆ, ತೂತು ಸೀಳಿಕೊಂಡು ಬೆಲ್ಟು ಹೋಗುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣದ್ದು. 20 ಅಡಿ ಉದ್ದದ ಬೆಲ್ಟು, ನಿಮಿಷಕ್ಕೆ 1440 ಸುತ್ತಿನ ಮೋಟಾರು, ಅದಕ್ಕೆ 6 ಇಂಚಿನ ಪುಲ್ಲಿ ಎಂದು ಇಟ್ಟುಕೊಳ್ಳಿ. ಬೆಲ್ಟು ಸೆಕೆಂಡಿಗೆ ಸುಮಾರು 11 ಮೀಟರು ಓಡುತ್ತದೆ. ಜಾಯಿಂಟು ಎರಡು ಪುಲ್ಲಿಗಳ ಮೇಲೂ ಹಾಯುವಾಗ ಬಾಗಿ ನೆಟ್ಟಗಾಗಬೇಕು. ಗಂಟೆಗೆ 13,000ಕ್ಕೂ ಹೆಚ್ಚು ಸಲ. ಬಾಗದ ದಪ್ಪ ತಗಡು, ದಪ್ಪ ಬೋಲ್ಟು ಅಲ್ಲಿದ್ದರೆ ಅದು ತಾನು ಬಾಗುವುದಿಲ್ಲ. ತನ್ನ ಅಂಚಿನ ಪಕ್ಕದ ಬೆಲ್ಟನ್ನು ಅಷ್ಟೂ ಸಲ ಮುರಿದು ಮುರಿದು ಬಗ್ಗಿಸುತ್ತದೆ. ಬೆಲ್ಟು ಬಹಳ ಸಲ ಬಿರುಕು ಬಿಡುವುದು ಕ್ಲಿಪ್ಪಿನ ಹಿಂದೆ ಒಂದು ಬೆರಳು ದೂರದಲ್ಲಿ. ಯಾಕೆಂದರೆ ಬಾಗಿನ ಪೂರಾ ಹೊರೆ ಬೀಳುವುದು ಅಲ್ಲೇ.

ಇಂಜಿನಿಯರಿಂಗ್ ಪಠ್ಯಗಳಲ್ಲಿ ಬಹಳ ಕಾಲದಿಂದ ಒಂದು ಪಟ್ಟಿ ಇದೆ. ಜಾಯಿಂಟಿಲ್ಲದ ಬೆಲ್ಟಿನ ಬಲ 100 ಎಂದರೆ, ಕಾರ್ಖಾನೆಯಲ್ಲೇ ಅಂಟು ಹಾಕಿ ಸೇರಿಸಿದ ಜಾಯಿಂಟಿಗೆ 90ರಿಂದ 100, ನಮ್ಮ ಅಂಗಡಿಯಲ್ಲಿ ಅಂಟು ಹಾಕಿದ್ದಕ್ಕೆ 80ರಿಂದ 90, ಯಂತ್ರದಲ್ಲಿ ತಂತಿ ಹೆಣೆದದ್ದಕ್ಕೆ 75ರಿಂದ 85, ಹಸಿ ಚರ್ಮದ ಬಾರಿನಿಂದ ಹೆಣೆದದ್ದಕ್ಕೆ 60ರಿಂದ 70, ಬರೀ ಲೋಹದ ಕೊಕ್ಕೆಗೆ 35ರಿಂದ 40. ಹಳೇ ಕಾಲದ ಬಾರು ಹೆಣಿಗೆ ಕೆಲಸಕ್ಕೆ ಬಾರದ್ದು ಎಂದು ತಿಳಿದವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಬಾರು ಬೆಲ್ಟಿನ ಜೊತೆಗೇ ಬಾಗುತ್ತದೆ, ಸದ್ದು ಮಾಡುವುದಿಲ್ಲ, ಬಟ್ಟೆ ಹಿಡಿಯುವುದಿಲ್ಲ. ಹೆಣೆಯುವಾಗ ಪುಲ್ಲಿಗೆ ತಾಗುವ ಮೈಯಲ್ಲಿ ಬಾರು ಬೆಲ್ಟಿನ ಉದ್ದಕ್ಕೇ ನೆಟ್ಟಗಿರಬೇಕು, ಅಡ್ಡ ಹಾಯುವ ಎಳೆಗಳು ಹೊರಮೈಯಲ್ಲಿರಬೇಕು. ಇಷ್ಟೇ ಅದರ ಗುಟ್ಟು.

ಹಾಗೆಂದು ಲೋಹದ ಕ್ಲಿಪ್ಪನ್ನು ಬಿಡಿ ಎಂದು ಹೇಳುತ್ತಿಲ್ಲ. ಬಾಚಣಿಗೆಯಂತೆ ಹಲ್ಲುಗಳಿರುವ, ಸುತ್ತಿಗೆಯಲ್ಲಿ ಬಡಿದು ಕೂರಿಸುವ ಉಕ್ಕಿನ ಪಟ್ಟಿ ಒಂದು ಶತಮಾನದಿಂದ ಕೆಲಸ ಮಾಡಿಕೊಂಡು ಬಂದಿದೆ. ಆಲಿಗೇಟರ್ ಎಂಬ ಹೆಸರಿನಲ್ಲಿ ಅದನ್ನು ಜಗತ್ತಿಗೆ ಹಂಚಿದ ಶಿಕಾಗೋ ಕಂಪನಿ ಹುಟ್ಟಿದ್ದು 1907ರಲ್ಲಿ. ಅದರ ಹಲ್ಲುಗಳು ಹಾಸಿನ ನೂಲನ್ನು ಕಡಿಯುವುದಕ್ಕಿಂತ ಹೆಚ್ಚಾಗಿ ನೂಲಿನ ನಡುವೆ ನುಗ್ಗಿ ಹಿಡಿಯುತ್ತವೆ, ನಡುವಿನ ಪಿನ್ನು ಕೀಲಿನಂತೆ ಬಾಗಲು ಬಿಡುತ್ತದೆ. ಕೊಳ್ಳುವಾಗ ಎರಡು ಅಳತೆ ಹೇಳಬೇಕು: ಬೆಲ್ಟಿನ ದಪ್ಪ, ಎರಡರಲ್ಲಿ ಸಣ್ಣ ಪುಲ್ಲಿಯ ವ್ಯಾಸ. ಅಗಲ ಮಾತ್ರ ಹೇಳಿ ಕ್ಲಿಪ್ಪು ತರುವುದು ನಮ್ಮಲ್ಲಿ ರೂಢಿ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಪುಲ್ಲಿಗೆ ಮೀರಿದ ಕ್ಲಿಪ್ಪು ಟಕ್ ಟಕ್ ಎಂದು ಬಡಿಯುತ್ತಿರುತ್ತದೆ. "ಕ್ಲಿಪ್ಪಿನ ಬೆಲ್ಟು ಸದ್ದು ಮಾಡದೆ ಇರುತ್ತದೆಯೇ" ಎಂದು ಬಿಟ್ಟುಬಿಡುತ್ತಾರೆ. ಸಣ್ಣ ಸದ್ದು ಸಹಜ. ಗೋಡೆಯಾಚೆಗೂ ಕೇಳುವ ಬಡಿತ ಸಹಜವಲ್ಲ. ಅದರ ಏಟು ಪ್ರತಿ ಸುತ್ತಿಗೂ ಬೇರಿಂಗಿಗೆ ಬೀಳುತ್ತಿದೆ.

ಕ್ಲಿಪ್ಪಿನ ಗುಣಕ್ಕಿಂತ ಬೆಲ್ಟು ಕತ್ತರಿಸುವ ಗೆರೆಯೇ ಮುಖ್ಯ. ಇಲ್ಲೊಂದು ಸೂಕ್ಷ್ಮವಿದೆ. ಮೂಲೆಮಟ್ಟವನ್ನು ಬೆಲ್ಟಿನ ಅಂಚಿಗೆ ಒತ್ತಿ ಗೆರೆ ಎಳೆದರೆ ಸಾಕು ಎಂದುಕೊಳ್ಳುತ್ತಾರೆ. ಹಳೇ ಬೆಲ್ಟಿನ ಅಂಚು ಸವೆದು ಅಂಕುಡೊಂಕಾಗಿರುತ್ತದೆ, ಅದನ್ನು ನಂಬುವಂತಿಲ್ಲ. ತುದಿಯಿಂದ ಒಂದೆರಡು ಅಡಿ ಹಿಂದಕ್ಕೆ ಮೂರು ನಾಲ್ಕು ಕಡೆ ಅಗಲದ ಸರಿಯರ್ಧ ಗುರುತು ಮಾಡಿ, ಆ ಚುಕ್ಕೆಗಳನ್ನು ಸೇರಿಸಿ ನಡುಗೆರೆ ಎಳೆದು, ಮೂಲೆಮಟ್ಟವನ್ನು ಆ ನಡುಗೆರೆಗೆ ಕೂರಿಸಬೇಕು. ಹೊಸ ಬ್ಲೇಡಿನಲ್ಲಿ ಕೊಯ್ದ ಮೇಲೆ ತುದಿಯನ್ನು ಮರದ ದಿಮ್ಮಿಯ ಮೇಲಿಟ್ಟು, ಕ್ಲಿಪ್ಪಿನ ಬಾಯಿಗೆ ಪೂರಾ ನೂಕಿ, ಮೊದಲು ಎರಡು ಅಂಚು, ಆಮೇಲೆ ನಡು, ಕೊನೆಗೆ ಉಳಿದ ಹಲ್ಲುಗಳನ್ನು ಬಡಿಯಬೇಕು. ಒಂದು ಕಡೆಯಿಂದ ಬಡಿದುಕೊಂಡು ಹೋದರೆ ಪಟ್ಟಿ ಜರುಗಿ ಓರೆಯಾಗುತ್ತದೆ. ಓರೆಯಾದ ಜಾಯಿಂಟಿನಲ್ಲಿ ಒಂದಂಚು ಎಲ್ಲ ಎಳೆತ ಹೊರುತ್ತದೆ, ಇನ್ನೊಂದು ಸುಮ್ಮನೆ ಜೊತೆಗೆ ಓಡುತ್ತದೆ. ಆಗ ಬೆಲ್ಟು ಒಂದು ಪಕ್ಕಕ್ಕೆ ಸರಿಯುತ್ತದೆ. ಅದನ್ನು ತಡೆಯಲು ಪುಲ್ಲಿಯ ಅಂಚಿಗೆ ದಿಂಡು ಕಟ್ಟಿಸುವವರಿದ್ದಾರೆ. ಓಡುವ ಅಗಲ ಬೆಲ್ಟು ಯಾವಾಗಲೂ ಎತ್ತರದ ಕಡೆಗೆ ಹತ್ತುತ್ತದೆ. ಅದಕ್ಕೇ ಪುಲ್ಲಿಯ ನಡುವನ್ನು ತುಸು ಉಬ್ಬಿಸಿ ಮಾಡಿರುತ್ತಾರೆ. ಅಂಚಿಗೆ ಕಟ್ಟಿಸಿದ ದಿಂಡು ಬೆಲ್ಟನ್ನು ತನ್ನ ಮೇಲಕ್ಕೇ ಹತ್ತಿಸಿಕೊಳ್ಳುತ್ತದೆ.

"ಬಿಗಿಯಿದ್ದಷ್ಟೂ ಬಲ" ಎಂಬ ಮಾತು ಬೇರಿಂಗು ಅಂಗಡಿಗಳಿಗೆ ವ್ಯಾಪಾರ ಕೊಟ್ಟಷ್ಟು ಇನ್ನಾವುದೂ ಕೊಟ್ಟಿರಲಾರದು. ಬೆಲ್ಟು ಯಂತ್ರವನ್ನು ತಿರುಗಿಸುವುದು ಬಿಗಿಯಿಂದಲ್ಲ, ಎರಡು ಬದಿಯ ಬಿಗಿಯ ನಡುವಿನ ವ್ಯತ್ಯಾಸದಿಂದ. ಮೇಲೆ ಹೇಳಿದ ಪುಲ್ಲಿಯಲ್ಲಿ 10 ಎಚ್‌ಪಿ ದಾಟಿಸಬೇಕಾದರೆ ಆ ವ್ಯತ್ಯಾಸ ಸುಮಾರು 67 ಕಿಲೋ ಇರಬೇಕು. ಒಣಗಿದ, ಚೊಕ್ಕಟವಾದ ಬೆಲ್ಟು ಪುಲ್ಲಿಯನ್ನು ಅರ್ಧ ಸುತ್ತು ಅಪ್ಪಿಕೊಂಡಿದ್ದರೆ ಎಳೆಯುವ ಬದಿಗೆ 110 ಕಿಲೋ ಬಂದರೆ ಸಾಕು. ಬೇರಿಂಗಿನ ಗ್ರೀಸು ಸೋರಿ ಬೆಲ್ಟಿನ ಹಿಡಿತ ಅರ್ಧಕ್ಕೆ ಇಳಿಯಿತು ಎನ್ನಿ, ಅದೇ ಕೆಲಸಕ್ಕೆ 180 ಕಿಲೋ ಬೇಕು. ಜಾಯಿಂಟು ಹೊರಬೇಕಾದದ್ದು ಆ 180. ಎಷ್ಟೋ ಸಲ ಕಿತ್ತ ಜಾಯಿಂಟಿನ ಕಾರಣ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದಾದ ಗ್ರೀಸು.

ಬೆಲ್ಟಿನ ಮೇಲುಬದಿ ಜೋತುಬಿದ್ದದ್ದು ಕಂಡರೆ ಕತ್ತರಿಸಿ ಗಿಡ್ಡ ಮಾಡುವವರೂ ಉಂಟು. ಅಡ್ಡಲಾಗಿ ಓಡುವ ಬೆಲ್ಟಿನಲ್ಲಿ ಸಡಿಲ ಬದಿ ಮೇಲಿರುವುದೇ ಒಳ್ಳೆಯದು, ಜೋತುಬಿದ್ದಾಗ ಅದು ಪುಲ್ಲಿಯನ್ನು ಇನ್ನಷ್ಟು ಸುತ್ತಿ ಹಿಡಿಯುತ್ತದೆ. ನಿಜಕ್ಕೂ ಸಡಿಲವಾಗಿದ್ದರೆ ಮೋಟಾರನ್ನೇ ಸ್ಲೈಡ್ ರೈಲಿನ ಮೇಲೆ ಹಿಂದಕ್ಕೆ ಸರಿಸಿ ಬಿಗಿ ಮಾಡಿ. ಹಾಗೆ ಮಾಡಿದ ಪ್ರತಿ ಸಲ ಒಂದು ಹೊಸ ಜಾಯಿಂಟು ತಪ್ಪಿತು. ಅಮೆರಿಕದ ಎಫ್. ಡಬ್ಲ್ಯು. ಟೇಲರ್ ಉಕ್ಕಿನ ಕಾರ್ಖಾನೆಯೊಂದರ ಬೆಲ್ಟುಗಳ ಲೆಕ್ಕವನ್ನು ಒಂಬತ್ತು ವರ್ಷ ಬರೆದಿಟ್ಟು 1893ರಲ್ಲಿ ಮಂಡಿಸಿದಾಗ ಹೇಳಿದ್ದೂ ಇದನ್ನೇ: ದಪ್ಪ ಬೆಲ್ಟು, ಕಡಿಮೆ ಬಿಗಿ, ಅಂಟಿನ ಜಾಯಿಂಟು. ಮೊದಲ ಖರ್ಚು ಹೆಚ್ಚಾದರೂ ವರ್ಷಗಳ ಲೆಕ್ಕದಲ್ಲಿ ಅಗ್ಗ.

ಜಾರುವ ಬೆಲ್ಟಿಗೆ ರಾಳದ ಪುಡಿ ಎರಚುವುದು ಎಲ್ಲ ಕಡೆ ಇದೆ. ಆ ಹೊತ್ತಿಗೆ ಹಿಡಿಯುತ್ತದೆ, ಸುಳ್ಳಲ್ಲ. ಆಮೇಲೆ ಹಿಟ್ಟಿನ ಧೂಳು ಸೇರಿ ಗಾಜಿನಂಥ ಹೊಳಪು ಪದರವಾಗುತ್ತದೆ, ಬೆಲ್ಟು ಮೊದಲಿಗಿಂತ ಹೆಚ್ಚು ಜಾರುತ್ತದೆ. ಹರಳೆಣ್ಣೆ ಸವರುವ ಅಭ್ಯಾಸ ಚರ್ಮದ ಬೆಲ್ಟಿನ ಕಾಲದ್ದು. ಚರ್ಮ ಒಣಗಿ ಬಿರಿಯದಿರಲು ಅದು ಬೇಕಿತ್ತು. ರಬ್ಬರ್ ಬೆಲ್ಟಿಗೆ ಅದು ಬೇಕಿಲ್ಲ. ಇಂಜಿನ್ ಆಯಿಲ್ಲಂತೂ ರಬ್ಬರನ್ನು ಉಬ್ಬಿಸಿ ಪದರ ಬಿಡಿಸುತ್ತದೆ.

ಇನ್ನು ವಿ-ಬೆಲ್ಟು. "ಅಗಲ ಬೆಲ್ಟಿಗೆ ಕ್ಲಿಪ್ಪು ಹಾಕುವಂತೆ ಇದಕ್ಕೂ ಹಾಕಬಹುದು" ಎನ್ನುತ್ತಾರೆ. ಅಂಗಡಿಯಲ್ಲಿ ಬಿ-52 ಎಂದು ಕೇಳಿ ತರುವ ಬೆಲ್ಟಿಗೆ, ಅಂದರೆ 17 ಮಿ.ಮೀ. ಅಗಲ, ಒಳ ಉದ್ದ 52 ಇಂಚು ಇರುವುದಕ್ಕೆ, ಆಗದು. ಅದರೊಳಗೆ ಕೊನೆ ಮೊದಲಿಲ್ಲದಂತೆ ಸುತ್ತಿದ ದಾರವೇ ಎಲ್ಲ ಎಳೆತವನ್ನು ಹೊರುವುದು. ದಾರ ಕಡಿದ ಮೇಲೆ ಕ್ಲಿಪ್ಪು ಹಿಡಿದಿರುವುದು ಬರೀ ರಬ್ಬರನ್ನು. ಆದರೆ ತುಂಡು ಮಾಡಿ ಸೇರಿಸಲೆಂದೇ ಬಟ್ಟೆ ಪದರಗಳಿಂದ ಮಾಡಿದ, ಮೊದಲೇ ತೂತಿರುವ ವಿ-ಬೆಲ್ಟು ಬೇರೆ ಸಿಗುತ್ತದೆ. ಕೊಂಡಿ ಕೊಂಡಿಯಾಗಿ ಸೇರಿಸುವ ಲಿಂಕ್ ಬೆಲ್ಟೂ ಉಂಟು. ಶಾಫ್ಟು ಬಿಚ್ಚದೆ ಹಾಕಬೇಕಾದ ಕಡೆ, ಸರಿಯಾದ ಬೆಲ್ಟು ಬರುವವರೆಗೆ ಕೆಲಸ ನಡೆಸಲು, ಇವು ನಿಜವಾಗಿ ಉಪಯೋಗದವು. ಕ್ರಷರಿನಲ್ಲಿ ಐದಾರು ವಿ-ಬೆಲ್ಟು ಒಟ್ಟಿಗೆ ಓಡುವಾಗ ಒಂದು ಕಿತ್ತರೆ ಒಂದನ್ನೇ ಬದಲಿಸುವುದೂ ತಪ್ಪು ಉಳಿತಾಯ. ಉಳಿದವು ಹಿಗ್ಗಿರುತ್ತವೆ, ಹೊಸದು ಗಿಡ್ಡವಿರುತ್ತದೆ. ಹೊರೆಯೆಲ್ಲ ಹೊಸದರ ಮೇಲೆ ಬಿದ್ದು ಅದೇ ಮೊದಲು ಹೋಗುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಗೆ ಏರಿಸಿದರೆ ಒಳಗಿನ ದಾರ ಆವತ್ತೇ ಕಡಿದಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ರೇಷ್ಮೆಗೆ ಹುರಿ ಹಾಕುವ ಟ್ವಿಸ್ಟಿಂಗ್ ಮಿಷನ್ನಿನಲ್ಲಿ ಒಂದೇ ತೆಳು ಬೆಲ್ಟು ಸಾಲುಗಟ್ಟಿದ ಕದಿರುಗಳನ್ನು ಉಜ್ಜಿಕೊಂಡು ಓಡುತ್ತದೆ. ಅಲ್ಲಿ ಯಾವ ಲೋಹದ ಕ್ಲಿಪ್ಪೂ ಸಲ್ಲದು, ಪ್ರತಿ ಕದಿರಿಗೂ ಏಟು ಬಿದ್ದು ನೂಲಿನ ಹುರಿ ಕೆಡುತ್ತದೆ. ಎರಡೂ ತುದಿಯನ್ನು ಓರೆಯಾಗಿ ತೆಳ್ಳಗೆ ಕೆತ್ತಿ, ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ ಒತ್ತಿದ ಜಾಯಿಂಟೇ ಬೇಕು.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. "ಕೈ ಪಳಗಿದವರು ಓಡುವ ಪುಲ್ಲಿಗೇ ಬೆಲ್ಟು ಏರಿಸಬಹುದು." ಸೆಕೆಂಡಿಗೆ 11 ಮೀಟರು ಎಂದರೆ ಗಂಟೆಗೆ 40 ಕಿಲೋಮೀಟರು. ಅಪಾಯ ಕಂಡು ಕೈ ಹಿಂದೆಗೆಯಲು ಕಾಲು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಬೆಲ್ಟು ಒಂಬತ್ತು ಅಡಿ ಓಡಿರುತ್ತದೆ. ಎಷ್ಟು ಪಳಗಿದ ಕೈಗೂ ಅಷ್ಟು ಸಮಯ ಸಿಗದು. 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮು, ಬೆಲ್ಟನ್ನು ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ಸರಿಸಲು ತಕ್ಕ ಸಾಧನ ಇರಬೇಕು, ಬಳಸದ ಬೆಲ್ಟು ತಿರುಗುವ ಶಾಫ್ಟಿನ ಮೇಲೆ ಬಿದ್ದಿರಬಾರದು ಎಂದಿತ್ತು. ಕರೆಂಟು ಬಳಸುವ ಕಡೆ 10 ಮಂದಿಗಿಂತ ಕಡಿಮೆ ಇದ್ದರೆ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಒಬ್ಬಿಬ್ಬರೇ ನಡೆಸುವ ನಮ್ಮ ಹಿಟ್ಟಿನ ಮಿಷನ್ನುಗಳು ಹೀಗೆ ಕಾನೂನಿನ ಕಣ್ಣಿನಿಂದ ಹೊರಗೇ ಉಳಿದವು. ಆದರೆ ಅಲ್ಲಿಗೆ ಬರುವವರು ಸೆರಗು ಹೊದ್ದ ಹೆಂಗಸರು, ದುಪಟ್ಟಾ ಹಾಕಿಕೊಂಡ ಹುಡುಗಿಯರು, ಅವ್ವನ ಜೊತೆ ಬಂದ ಮಕ್ಕಳು. ನುಣುಪಾದ ಬೆಲ್ಟಿಗೆ ಸೆರಗು ತಾಗಿದರೆ ಜಾರಿಹೋದರೂ ಹೋದೀತು. ಬೆಲ್ಟಿನ ಅಗಲಕ್ಕಿಂತ ಅರ್ಧ ಇಂಚು ಹೊರಗೆ ಚಾಚಿದ ಪಿನ್ನು, ಎದ್ದು ನಿಂತ ಒಂದು ಹಲ್ಲು ಸಿಕ್ಕಿದರೆ ಬಿಡುವುದಿಲ್ಲ. ಕ್ಷಣದಲ್ಲಿ ಬಟ್ಟೆಯ ಜೊತೆ ಆಳನ್ನೂ ಎಳೆದುಕೊಳ್ಳುತ್ತದೆ.

ಆದ್ದರಿಂದ ಜಾಯಿಂಟು ಮುಗಿದ ಮೇಲೆ ಪಿನ್ನನ್ನು ಬೆಲ್ಟಿನ ಅಂಚಿಗಿಂತ ತುಸು ಒಳಗೇ ಕತ್ತರಿಸಿ, ಬೆರಳಲ್ಲಿ ಸವರಿ ನೋಡಿ ಎದ್ದ ಹಲ್ಲನ್ನು ಮತ್ತೆ ಬಡಿಯಬೇಕು. ಪಿನ್ನು ಸವೆದು ಸಣ್ಣಗಾಗಿದ್ದರೆ ಕ್ಲಿಪ್ಪು ಚೆನ್ನಾಗಿದ್ದರೂ ಪಿನ್ನು ಬದಲಿಸಬೇಕು. ಆಯುಧಪೂಜೆಗೆ ಮಿಷನ್ನು ನಿಲ್ಲಿಸಿ ತೊಳೆಯುವ ದಿನ ಇದನ್ನು ನೋಡಲು ಒಳ್ಳೆಯ ಹೊತ್ತು, ಮೇನ್ ಸ್ವಿಚ್ಚಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆ. ಬೆಲ್ಟಿನ ಎರಡೂ ಪಕ್ಕಕ್ಕೆ ಆಂಗಲ್ ಫ್ರೇಮು, ಅದಕ್ಕೆ ಬೆರಳು ತೂರದಂಥ ಜಾಲರಿ ಬೇಕು. ಚಿಂತಾಮಣಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಬಹುದಾದ ಸಾದಾ ಕೆಲಸ. ಮಾಡಿಸುವಾಗ ಫ್ರೇಮನ್ನು ನೆಲಕ್ಕೆ ಬೆಸೆಯಬೇಡಿ, ನಾಲ್ಕು ಬೋಲ್ಟಿನಲ್ಲಿ ನಿಲ್ಲಿಸಿ. ಬಿಚ್ಚಿ ಹಾಕಲು ಸುಲಭವಿಲ್ಲದಿದ್ದರೆ ಮೊದಲ ಸಲ ಬೆಲ್ಟು ಕಿತ್ತ ದಿನವೇ ಅದು ಮೂಲೆ ಸೇರುತ್ತದೆ.