ಪಾಪನಿವೇದನೆ ಮತ್ತು ಶಾಲಾ ಆಪ್ತಸಮಾಲೋಚನೆ

ಸಾವನ್ನು ಬೇಡಿ ಗಿಡದಡಿ ಮಲಗಿದ ಎಲೀಯನಿಗೆ ದೇವದೂತನು ಮೊದಲು ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಗೊಟ್ಟನು. ದೇವರ ಪ್ರಶ್ನೆ ಬಂದುದು ಅನಂತರ (1 ಅರಸುಗಳು 19). ಪ್ರವಾದಿಯ ಹತಾಶೆಯನ್ನು ಪಾಪವೆಂದು ಯಾರೂ ಗದರಿಸಲಿಲ್ಲ. ನಮ್ಮ ಶಾಲೆಗಳಲ್ಲಿ ನೊಂದ ವಿದ್ಯಾರ್ಥಿಯ ಮಾತಿಗೆ ಕಿವಿಗೊಡುವ ಗುರುವಿಗೆ ಇದೇ ಮಾದರಿ.

ಆದರೆ ಎರಡು ಸೇವೆಗಳನ್ನು ನಾವು ಬೆರೆಸಬಾರದು. ಪಾಪನಿವೇದನೆಯ ಮುದ್ರೆ ಅಭೇದ್ಯ (ಧರ್ಮಸಭೆಯ ಕಾನೂನು ಸಂಹಿತೆ, 983). ಆಪ್ತಸಮಾಲೋಚನೆಯ ಗೌಪ್ಯತೆಗಾದರೋ ಮಿತಿಯುಂಟು: ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ಪೋಷಕರಿಗೂ ತಜ್ಞರಿಗೂ ತಿಳಿಸಬೇಕು; ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ವರದಿ ಕಡ್ಡಾಯ. ಆದಕಾರಣ, ಯಾರಿಗೂ ಹೇಳೆನೆಂಬ ಭಾಷೆಯನ್ನು ಸಮಾಲೋಚಕನು ಕೊಡಲಾಗದು. ಈ ಮಿತಿಯನ್ನು ಮಾತಿನ ಆರಂಭದಲ್ಲೇ ತಿಳಿಸತಕ್ಕದ್ದು.

ಸಂಸ್ಕಾರದಲ್ಲಿಯೇ ಮಗು ಸಾಯುವ ಮಾತಾಡಿದರೆ? ಗುರುವು ಮುದ್ರೆಯನ್ನು ಮುರಿಯದೆ, ಅದನ್ನೇ ಸಂಸ್ಕಾರದ ಹೊರಗೆ ತನಗಾಗಲಿ ನಂಬುಗೆಯ ಹಿರಿಯರಿಗಾಗಲಿ ಹೇಳುವಂತೆ ಮಗುವನ್ನು ಒಲಿಸಬೇಕು. ಹಗಲಿರುಳೂ ಉಚಿತವಾಗಿ ದೊರೆಯುವ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡಬೇಕು. ನಿವೇದನೆಯಲ್ಲಿ ಅರಿತದ್ದನ್ನು ಮಗುವಿಗೆ ತೊಡಕಾಗುವಂತೆ ಬಳಸುವುದನ್ನು 984ನೆಯ ವಿಧಿ ನಿಷೇಧಿಸುತ್ತದೆ. ಆದ್ದರಿಂದ ಶಾಲೆಯ ಸಮಾಲೋಚಕನೂ ನಿವೇದನೆ ಕೇಳುವ ಗುರುವೂ ಬೇರೆಬೇರೆಯಾಗಿರುವುದೇ ಲೇಸು. ಹಾಗಿದ್ದರೆ ಮುದ್ರೆಯೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.