ಇಂಗ್ಲಿಷಿನ ಸಮಾಸಗಳೂ ನಮ್ಮ ಮಕ್ಕಳ ನಾಲಗೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿ ನಾವು ಪಾಠ ಹೇಳುತ್ತಿದ್ದಾಗ, ಬಾಲಕರು ‘ಹೋಮ್-ಮೇಡ್’ ಎಂಬ ಇಂಗ್ಲಿಷ್ ವಿಶೇಷಣವನ್ನು ‘ಹೋಮುಮೇಡು’ ಎಂದೇ ಓದುತ್ತಿದ್ದರು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತಗಳು. ವ್ಯಂಜನದಲ್ಲಿ ನಿಂತ ಪದಕ್ಕೆ ನಮ್ಮ ನಾಲಗೆಯು ತಾನಾಗಿಯೇ ಉಕಾರವನ್ನು ಕೂಡಿಸಿಕೊಳ್ಳುವುದು. ಹೀಗೆ ಎರಡು ಉಚ್ಚಾರಾಂಶಗಳ ಪದವು ನಾಲ್ಕಾಗುವುದು.

ಇದಕ್ಕಿಂತಲೂ ತೊಡಕಾದುದು ಒತ್ತು. ಒತ್ತಕ್ಷರವಲ್ಲ, ಉಸಿರಿನ ಬಲ. ವಾಕ್ಯದ ಕೊನೆಯಲ್ಲಿ ‘ವೆಲ್-ನೋನ್’ ಎಂದು ಬಂದರೆ ಬಲವು ‘ನೋನ್’ ಮೇಲೆ. ‘ವೆಲ್-ನೋನ್ ರೈಟರ್’ ಎಂದಾಗಲಾದರೋ, ‘ರೈ’ ಎಂಬುದೂ ಬಲವನ್ನು ಬೇಡುವುದರಿಂದ, ಮೊದಲಿನ ಬಲವು ಹಿಂದೆ ಸರಿದು ‘ವೆಲ್’ ಮೇಲೆ ಬೀಳುವುದು. ಕನ್ನಡದಲ್ಲಿ ಬಲ ಬದಲಾದರೂ ಪದದ ಅರ್ಥ ಬದಲಾಗದು. ಆದುದರಿಂದ ನಮ್ಮ ಕಿವಿಯು ಅದನ್ನು ಗಮನಿಸುವುದೇ ಇಲ್ಲ.

ಸಂಸ್ಕೃತ ಬಲ್ಲ ವಾಚಕರಿಗೆ ವೃತ್ರನ ಕಥೆ ನೆನಪಾಗದಿರದು. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿದ ತ್ವಷ್ಟೃವು ‘ಇಂದ್ರಶತ್ರು’ ಎಂಬಲ್ಲಿ ಸ್ವರ ತಪ್ಪಿದನು. ಉದಾತ್ತವು ಕೊನೆಯಲ್ಲಿದ್ದರೆ ತತ್ಪುರುಷ, ಇಂದ್ರನನ್ನು ಕೊಲ್ಲುವವನು. ಮೊದಲಲ್ಲಿ ಬಿದ್ದುದರಿಂದ ಬಹುವ್ರೀಹಿಯಾಗಿ, ಇಂದ್ರನಿಂದ ಕೊಲ್ಲಲ್ಪಡುವವನು ಎಂದಾಯಿತು. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಇದನ್ನು ಎತ್ತಿದ್ದಾನೆ. ಅಲ್ಲಿಯದು ಧ್ವನಿಯ ಏರಿಳಿತ, ಇಂಗ್ಲಿಷಿನದು ಬಲ, ಭೇದವುಂಟು. ಆದರೂ ಸಮಾಸವನ್ನು ಕಿವಿಯಿಂದ ಕಲಿಯಬೇಕೆಂಬುದು ಎರಡಕ್ಕೂ ಸಮಾನ.

ನಮ್ಮ ಶಿಷ್ಯನೊಬ್ಬನು ನೌಕರಿಯ ಸಂದರ್ಶನದಲ್ಲಿ ಉಚ್ಚಾರದಿಂದ ನಗೆಗೀಡಾಗಿ ನಮ್ಮಲ್ಲಿಗೆ ಬಂದು ಕಣ್ಣೀರಿಟ್ಟನು. ಅವನ ಕಾಗುಣಿತವನ್ನು ನಾವು ಹತ್ತು ಸಲ ತಿದ್ದಿದ್ದೆವು; ಓದನ್ನು ಒಮ್ಮೆಯೂ ತಿದ್ದಿರಲಿಲ್ಲ. ಈಗ ಮೊಮ್ಮಕ್ಕಳು ಓದುವಾಗ ಮಣೆಯ ಮೇಲೆ ಬೆರಳು ತಟ್ಟಿಸುತ್ತೇವೆ. ‘ಹೋಮ್-ಮೇಡ್ ಬ್ರೆಡ್’ ಎಂಬುದಕ್ಕೆ ಮೂರೇ ತಟ್ಟು. ಮೊದಲನೆಯದೂ ಕಡೆಯದೂ ಗಟ್ಟಿ, ನಡುವಿನದು ಮೆಲ್ಲಗೆ.